ರಿವಾಲ್ವರೂ ಪಡ್ಡಿನ ಹಂಚೂ

ಐವತ್ತೆರಡನೆಯ ವಯಸ್ಸಿನಲ್ಲಿ, ಒಂದು ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ, ನನ್ನ ಕುರ್ತಾದ ಕೊರಳೊಳಗೆ ಕಾದ ಹಿತ್ತಾಳೆಯ ತುಂಡೊಂದು ಬಿತ್ತು. ಕೈಬಂದೂಕುಗಳ ಬಗ್ಗೆ ನನಗೊಂದು ಸ್ವಂತ ಅಭಿಪ್ರಾಯ ಹುಟ್ಟಿದ್ದು ಆಗಲೇ. ಅಲ್ಲಿಯವರೆಗೆ ಸೆಮಿ ಆಟೋಮ್ಯಾಟಿಕ್ ಎಂದರೆ ನನ್ನ ಮಟ್ಟಿಗೆ ಬಟ್ಟೆ ಒಗೆಯುವ ಯಂತ್ರ. ಒಂದು ತೊಟ್ಟಿಯಲ್ಲಿ ಒಗೆದದ್ದನ್ನು ನಾವೇ ಎತ್ತಿ ಇನ್ನೊಂದರಲ್ಲಿ ಹಿಂಡಲು ಹಾಕುವಂಥದ್ದು. ಪಿಸ್ತೂಲಿಗೂ ಅದೇ ವಿಶೇಷಣ ಇದೆಯೆಂದು ತಿಳಿದಾಗ, ಪರವಾಗಿಲ್ಲ, ನಮ್ಮ ಪರಿಚಯದ ಪೈಕಿಯೇ, ಅಂದುಕೊಂಡಿದ್ದೆ.

ನಾನು ರೈಫಲ್ ಕ್ಲಬ್ಬಿಗೆ ಹೋದದ್ದು ಹೇಗೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಏನೇನೋ ಊಹಿಸಿಕೊಳ್ಳುತ್ತೀರಿ. ನಮ್ಮವರು ಗದಗಿನವರು, ನಾನು ಧಾರವಾಡದವಳು. ಅವರ ಸಂಶೋಧನಾಲಯದ ಕೆಲಸದ ಬೆನ್ನು ಹತ್ತಿ ಅಹಮದಾಬಾದಿಗೆ ಬಂದು ಇಪ್ಪತ್ತಾರು ವರ್ಷ. ಈಗ ಊರಂಚಿನ ಬಡಾವಣೆ ಬೋಪಾಲ್‌ನಲ್ಲಿ ಒಂಬತ್ತನೆಯ ಮಹಡಿ. ಎದುರು ಮನೆಯ ಹೇತಲ್‌ಬೆನ್ ನವರಾತ್ರಿಗೆ ಚಣಿಯಾ ಚೋಳಿ, ಅಂದರೆ ಗರಬಾದ ಲಂಗ ರವಿಕೆ, ಬಾಡಿಗೆ ಕೊಡುವ ಅಂಗಡಿಯವರು. ಆ ಒಂಬತ್ತು ದಿನಗಳ ಗದ್ದಲ ಬಿಟ್ಟರೆ ಪ್ರತಿ ಭಾನುವಾರ ತಮ್ಮ ನಾದಿನಿ ಮೀನಲ್‌ಳೊಡನೆ ರೈಫಲ್ ಕ್ಲಬ್ಬಿಗೆ ಹೋಗುತ್ತಾರೆ. ವರ್ಷಕ್ಕೊಮ್ಮೆ ಅಹಮದಾಬಾದ್, ವಡೋದರಾ, ಸೂರತ್ ಮೂರೂ ಊರಿನ ಕ್ಲಬ್ಬುಗಳು ಸೇರಿ ಸ್ನೇಹದ ಪಂದ್ಯ ಇಟ್ಟುಕೊಳ್ಳುತ್ತವೆ. ಹೆಂಗಸರ ತಂಡಕ್ಕೆ ಮೂವರು ಬೇಕು; ನಮ್ಮ ಕ್ಲಬ್ಬಿನಲ್ಲಿ ಇವರಿಬ್ಬರೇ. ಎರಡು ವರ್ಷ ಇಬ್ಬರೂ ಡಬ್ಬಿಯಲ್ಲಿ ಮೆಂತ್ಯದ ಥೇಪ್ಲಾ ರೊಟ್ಟಿ ಕಟ್ಟಿಕೊಂಡು ಹೋಗಿ, ಬೇರೆಯವರು ಗುಂಡು ಹೊಡೆಯುವುದನ್ನು ನೋಡಿ, ಥೇಪ್ಲಾ ತಿಂದು ಬಂದಿದ್ದರು. ಮೂರನೆಯ ವರ್ಷ ಹೇತಲ್‌ಬೆನ್‌ರ ಕಣ್ಣು ನಮ್ಮ ಬಾಗಿಲ ಮುಂದಿನ ರಂಗೋಲಿಯ ಮೇಲೆ ಬಿತ್ತು. ಚುಕ್ಕಿಯಿಂದ ಚುಕ್ಕಿಗೆ ಎಳೆಯುವಾಗ ನನ್ನ ಕೈ ಒಂದಿಷ್ಟೂ ನಡುಗುವುದಿಲ್ಲವಂತೆ. ಇಷ್ಟೇ ನನ್ನ ಅರ್ಹತೆ. ಹೀಗೆ ರಂಗೋಲಿ ಹಿಟ್ಟಿನ ಕೈಗೆ ಪಿಸ್ತೂಲು ಬಂತು.

ಬಂತು ನಿಜ, ಆದರೆ ಅದು ನನ್ನ ಮಾತು ಕೇಳಲಿಲ್ಲ. ಪಿಸ್ತೂಲಿನ ಮೇಲ್ಭಾಗಕ್ಕೆ ಸ್ಲೈಡ್ ಅನ್ನುತ್ತಾರೆ. ಅದನ್ನು ಹಿಂದಕ್ಕೆಳೆದು ಬಿಟ್ಟರೆ ಹಿಡಿಕೆಯೊಳಗಿನ ಮ್ಯಾಗಜೀನಿನಿಂದ ಒಂದು ತೋಟಾ ಮೇಲೆದ್ದು ನಳಿಗೆಯ ಬುಡಕ್ಕೆ ಸೇರುತ್ತದೆ. ಮೂವತ್ತು ವರ್ಷ ಜೋಳದ ರೊಟ್ಟಿ ಬಡಿದ ಕೈ ಇದು, ಇದೇನು ಮಹಾ ಎಂದು ಎಳೆದೆ. ಅದು ಅಲುಗಲೇ ಇಲ್ಲ. ರೊಟ್ಟಿಗೆ ಬೇಕಾದದ್ದು ಅಂಗೈ, ಸ್ಲೈಡಿಗೆ ಬೇಕಾದದ್ದು ಹೆಬ್ಬೆರಳು ಮತ್ತು ಮಣಿಕಟ್ಟು. ನನ್ನ ಹೆಬ್ಬೆರಳಿನ ಬುಡ ಎರಡು ವರ್ಷದಿಂದ ಉಪ್ಪಿನಕಾಯಿ ಜಾಡಿಯ ಮುಚ್ಚಳಕ್ಕೇ ಸೋಲುತ್ತಿದೆ. ಹೇಗೋ ಎಳೆದು ಹೊಡೆದರೆ, ಮಣಿಕಟ್ಟು ಸಡಿಲ ಎಂಬ ಕಾರಣಕ್ಕೆ ಖಾಲಿ ತೋಟಾ ಹೊರಗೆ ಹಾರದೆ ಅಡುಗೆಮನೆಯ ಹೊಗೆಕೊಳವೆಯ ಹಾಗೆ ನೆಟ್ಟಗೆ ಸಿಕ್ಕಿಕೊಂಡು ನಿಂತಿತು. ಮುಂದಿನ ಸಲ ಬಿಗಿಯಾಗಿ ಹಿಡಿದೆ. ಆಗ ಅದು ಚೆನ್ನಾಗಿಯೇ ಹಾರಿತು, ಮೇಲೆ ಹೇಳಿದ ವಿಳಾಸಕ್ಕೆ.

ಏನೇ ಆದರೂ ನಳಿಗೆ ಗುರಿಯ ಕಡೆಗೇ ಇರಬೇಕು, ತಿರುಗಿಸಕೂಡದು ಎಂಬುದು ಕ್ಲಬ್ಬಿನ ಮೊದಲ ಪಾಠ. ನಾನು ವಿಧೇಯ ವಿದ್ಯಾರ್ಥಿನಿ. ಎದೆಯ ಮೇಲೆ ಹಿತ್ತಾಳೆ ಸುಡುತ್ತಿದ್ದರೂ ಪಿಸ್ತೂಲನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಆಮೇಲೆ ಕುಣಿದೆ. ಗುಜರಾತಿಗೆ ಬಂದು ಇಪ್ಪತ್ತಾರು ವರ್ಷಕ್ಕೆ ಮೊದಲ ಸಲ ನನ್ನ ಗರಬಾ ಹೆಜ್ಜೆ ತಾಳಕ್ಕೆ ಸರಿಯಾಗಿ ಬಿತ್ತೆಂದು ಹೇತಲ್‌ಬೆನ್ ಇವತ್ತಿಗೂ ಹೇಳುತ್ತಾರೆ.

ಆ ದಿನ ನಮ್ಮ ಗುರುಗಳಾದ ರಾಠೋಡ್ ಸಾಹೇಬರು ಕಪಾಟಿನಿಂದ ಹಳೆಯ ರಿವಾಲ್ವರ್ ಒಂದನ್ನು ತೆಗೆದು ನನ್ನ ಮುಂದಿಟ್ಟರು. ಮೂವತ್ತು ವರ್ಷ ಪೊಲೀಸರ ಬಂದೂಕು ಬಿಚ್ಚಿ ಜೋಡಿಸಿ ನಿವೃತ್ತರಾದವರು. ಮಾತು ಕಡಿಮೆ, ಬೆರಳುಗಳಿಗೆ ಎಣ್ಣೆಯ ವಾಸನೆ. ಪಕ್ಕದ ಗುಬುಟು ಒತ್ತಿದರೆ ರಿವಾಲ್ವರಿನ ಹೊಟ್ಟೆಯಲ್ಲಿನ ಉರುಳೆ ಎಡಕ್ಕೆ ಹೊರಳಿ ಬಂತು. ಏನು ಹೇಳಲಿ ನಿಮಗೆ! ನಮ್ಮ ಮನೆಯ ಪಡ್ಡಿನ ಹಂಚು. ನಡುವಿನ ಕುಳಿ ಒಂದಿಲ್ಲ ಅಷ್ಟೇ, ಸುತ್ತ ಆರು ದುಂಡನೆಯ ಕುಳಿಗಳು. ಯಾವುದು ತುಂಬಿದೆ, ಯಾವುದು ಖಾಲಿ, ಯಾವುದರ ಕೆಲಸ ಮುಗಿದಿದೆ, ಎಲ್ಲ ಒಂದೇ ನೋಟಕ್ಕೆ. ಸಿಡಿದ ತೋಟಾದ ಬೆನ್ನ ಮೇಲೆ ಚುಚ್ಚಿದ ಗುಳಿ ಇರುತ್ತದೆ, ಸಿಡಿಯದ್ದರ ಬೆನ್ನು ನುಣುಪು. ಬೆಂದ ಪಡ್ಡಿಗೂ ಹಸಿ ಪಡ್ಡಿಗೂ ಇರುವಷ್ಟೇ ಸ್ಪಷ್ಟ. ಎಳೆಯಲು ಸ್ಲೈಡಿಲ್ಲ. ಖಾಲಿ ತೋಟಾಗಳು ಹಾರಿಹೋಗದೆ ಕುಳಿಯಲ್ಲೇ ಕೂತಿರುತ್ತವೆ, ಕೊನೆಗೆ ಒಟ್ಟಿಗೆ ಡಬ್ಬಿಗೆ ಸುರಿದರಾಯಿತು. ಒಂದು ಗುಂಡು ಸಿಡಿಯದೆ ಹೋದರೆ, ಗುರಿಯ ಕಡೆಗೇ ಹಿಡಿದು ಹೇಳಿದಷ್ಟು ಹೊತ್ತು ಕಾದು, ಮತ್ತೊಮ್ಮೆ ಟ್ರಿಗರ್ ಒತ್ತಿದರೆ ಉರುಳೆ ತಿರುಗಿ ಮುಂದಿನದು ಬರುತ್ತದೆ. ನನ್ನ ಮಣಿಕಟ್ಟು ಸಡಿಲವೋ ಬಿಗಿಯೋ ಎಂಬ ವಿಚಾರಣೆ ಅದಕ್ಕೆ ಬೇಕಿಲ್ಲ.

ಅದಕ್ಕೂ ದೋಷಗಳುಂಟು, ಇಲ್ಲವೆನ್ನುವುದಿಲ್ಲ. ಆರಾದ ಮೇಲೆ ಒಂದೊಂದೇ ತುಂಬುತ್ತ ಕೂರಬೇಕು. ತೋಟಾಕ್ಕೆ ಬಡಿಯುವ ಹಿಂಬದಿಯ ಕೊಕ್ಕೆ, ಅಂದರೆ ಹ್ಯಾಮರನ್ನು ಮೊದಲೇ ಹಿಂದಕ್ಕೆಳೆದು ಇಟ್ಟುಕೊಳ್ಳದಿದ್ದರೆ ಟ್ರಿಗರ್ ಬಲು ಭಾರ. ಉರುಳೆಗೂ ನಳಿಗೆಗೂ ನಡುವಿನ ಸಂದಿನಿಂದ ಬಿಸಿ ಗಾಳಿ ಚಿಮ್ಮುತ್ತದೆ, ಬೆರಳು ಅಲ್ಲಿ ಇಡಕೂಡದು. ಆದರೆ ಕುಕ್ಕರಿನ ಸೀಟಿಯ ಹತ್ತಿರ ಕೈ ಒಯ್ಯಬಾರದು ಅನ್ನುವುದನ್ನು ನನಗೆ ಹೊಸದಾಗಿ ಯಾರೂ ಕಲಿಸಬೇಕಾಗಿಲ್ಲ.

ಈ ಸಂಭ್ರಮವನ್ನೆಲ್ಲ ಊಟದ ಹೊತ್ತಿಗೆ ವರದಿ ಮಾಡಿದರೆ, ನಮ್ಮವರು ಪಿಸ್ತೂಲಿನ ಪಕ್ಷ ವಹಿಸಿದರು. ಯಂತ್ರಗಳ ನಡುವೆ ಬದುಕಿದ ಮನುಷ್ಯ. ತಾನಾಗಿಯೇ ಕೆಲಸ ಮಾಡುವ ಯಾವುದನ್ನು ಕಂಡರೂ ಅವರಿಗೆ ಕರುಳು ಮಿಡಿಯುತ್ತದೆ.

"ಒಂದು ಗುಂಡಿನ ಪೆಟ್ಟಿನಾಗನ ಮುಂದಿನ ಗುಂಡು ತಾನ ತುಂಬ್ಕೋತದ. ಎಂಥಾ ಛಂದ ವಿಚಾರ ನೋಡು. ನೀ ಏನೂ ಮಾಡೂದು ಬ್ಯಾಡ."

"ನಾ ಏನೂ ಮಾಡೂದು ಬ್ಯಾಡ ಅಂದ್ರ ಅಲ್ಲಿ ತನಕಾ ಯಾಕ ಹೋಗ್ಬೇಕ್ರಿ?" ಅಂದೆ.

ಅಂದೆನೇ ಹೊರತು, ಗಂಡನ ವಿಜ್ಞಾನಕ್ಕೆ ಮಣಿದು ಮತ್ತೆ ಮೂರು ವಾರ ಪಿಸ್ತೂಲನ್ನೇ ಪಳಗಿಸಿದೆ. ಪಂದ್ಯಕ್ಕೆ ಹೋಗುವವರೆಲ್ಲ ಮೊದಲು ಸುರಕ್ಷತೆಯ ಪರೀಕ್ಷೆ ಪಾಸಾಗಬೇಕು. ಮೇಜಿನ ಮೇಲಿನ ಬಂದೂಕನ್ನು ಖಾಲಿ ಮಾಡಿ, ಖಾಲಿ ಎಂದು ಹೇಳಿ, ತೋರಿಸಬೇಕು, ಅಷ್ಟೇ. ತುಂಬಿದ್ದದ್ದು ಕಲಿಸಲು ಬಳಸುವ ಕೆಂಪು ಪ್ಲಾಸ್ಟಿಕ್ಕಿನ ಸುಳ್ಳು ತೋಟಾ. ನಾನು ಮ್ಯಾಗಜೀನ್ ಹೊರಗೆಳೆದು ಪಕ್ಕಕ್ಕಿಟ್ಟು, ಎಲ್ಲರಿಗೂ ಕೇಳುವಂತೆ ಖಾಲಿ ಅಂದೆ. ರಾಠೋಡ್ ಸಾಹೇಬರು ಪಿಸ್ತೂಲನ್ನು ತೆಗೆದುಕೊಂಡು ಸ್ಲೈಡ್ ಎಳೆದರು. ಒಳಗಿನಿಂದ ಒಂದು ಕೆಂಪು ತೋಟಾ ಟಣ್ಣನೆ ಹಾರಿ ಮೇಜಿನ ಮೇಲೆ ಉರುಳುತ್ತ ಬಂದು ನನ್ನ ಬಳೆಗೆ ತಾಗಿ ನಿಂತಿತು. ಮ್ಯಾಗಜೀನ್ ತೆಗೆದರೂ ನಳಿಗೆಯ ಬುಡದಲ್ಲಿ ಮೊದಲೇ ಸೇರಿದ ಒಂದು ಅಲ್ಲೇ ಉಳಿದಿರುತ್ತದೆ. ಗೊತ್ತಿತ್ತು. ಬಾಯಿಪಾಠವಾಗಿತ್ತು. ಸ್ಲೈಡ್ ಎಳೆದಿದ್ದೇನೆಂದೇ ನನ್ನ ನೆನಪು ಪ್ರಮಾಣ ಮಾಡಿ ಹೇಳುತ್ತಿತ್ತು.

"ಯಾದ್ ಸೇ ನಹೀಂ ಬೆನ್, ಆಂಖ್ ಸೇ ದೇಖೋ," ಎಂದರು ಸಾಹೇಬರು. ನೆನಪಿನಿಂದಲ್ಲ, ಕಣ್ಣಿನಿಂದ ನೋಡು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮುಂದಿನ ಭಾನುವಾರ ಇನ್ನೊಂದೇ ಅವಕಾಶ. ಅದೂ ಕೈತಪ್ಪಿದರೆ ತಂಡಕ್ಕೆ ಮತ್ತೆ ಇಬ್ಬರೇ. ಮನೆಗೆ ಬರುವಾಗ ಹೇತಲ್‌ಬೆನ್‌ರ ಸ್ಕೂಟರಿನ ಹಿಂದೆ ಕೂತಿದ್ದೆ. ಕೆಂಪು ದೀಪ ಬಿದ್ದಾಗಲೆಲ್ಲ ಪಕ್ಕದ ಗಾಡಿಯವರ ಜೊತೆಗೂ ಮಾತಾಡುವ ಹೆಂಗಸು, ಅವತ್ತು ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ. ಲಿಫ್ಟಿನೊಳಗೆ ಬಂದ ಮೇಲೆ ನನ್ನ ಭುಜ ತಟ್ಟಿ, "ಕೋಯಿ ವಾಂಧೋ ನಹೀಂ, ಥೇಪ್ಲಾ ತೋ ಖಾಯೇಂಗೇ ಹೀ," ಅಂದರು. ಚಿಂತೆಯಿಲ್ಲ, ಥೇಪ್ಲಾ ಅಂತೂ ತಿಂದೇ ತಿನ್ನುತ್ತೇವೆ ಎಂದು.

ಆ ವಾರದಲ್ಲಿ ನನಗೆ ಹೊಳೆದದ್ದೇ ನನ್ನ ಇಡೀ ಸಿದ್ಧಾಂತ. ನಾನು ಗ್ಯಾಸಿನ ಗುಬುಟನ್ನು ಮೂರು ಸಲ ನೋಡುವವಳು. ಬೀಗ ಹಾಕಿ ಲಿಫ್ಟಿನವರೆಗೆ ಹೋದವಳು ತಿರುಗಿ ಬಂದು ಬಾಗಿಲು ತೆರೆದು ನೋಡುವವಳು. ಇದಕ್ಕಾಗಿ ನಮ್ಮವರು ನನ್ನನ್ನು ಇಪ್ಪತ್ತಾರು ವರ್ಷದಿಂದ ಹಾಸ್ಯ ಮಾಡಿದ್ದಾರೆ. ನನ್ನಂಥವರಿಗೆ ಬೇಕಾದದ್ದು ಎಲ್ಲವನ್ನೂ ಹೊಟ್ಟೆಯೊಳಗಿಟ್ಟುಕೊಂಡು ತಾನೇ ನಿಭಾಯಿಸುವ ಜಾಣ ಯಂತ್ರವಲ್ಲ. ಹೊಟ್ಟೆ ತೆರೆದು ತೋರಿಸುವ ಯಂತ್ರ. ಭಾನುವಾರ ರಿವಾಲ್ವರ್ ಹಿಡಿದೆ. ಉರುಳೆ ಹೊರಳಿಸಿ, ಸುರಿದು, ಆರೂ ಕುಳಿಗಳಲ್ಲಿ ಆಚೆಯ ಬೆಳಕು ಕಾಣುವುದನ್ನು ಒಂದೊಂದಾಗಿ ನೋಡಿ, ಮತ್ತೊಮ್ಮೆ ನೋಡಿ, ಆಮೇಲೆ ಖಾಲಿ ಅಂದೆ. ಸಾಹೇಬರು ತಾವೂ ಒಮ್ಮೆ ಇಣುಕಿ ನೋಡಿ, ಸರಿ ಎಂದು ತಲೆಯಾಡಿಸಿದರು. ಹೇತಲ್‌ಬೆನ್ ಮನೆಯವರೆಗೂ ಮಾತಾಡುತ್ತಲೇ ಬಂದರು.

ಪಂದ್ಯ ವಡೋದರಾದಲ್ಲಿ. ಸೂರತ್ತಿನ ಹೆಂಗಸರು ಮೂವರೂ ಪಿಸ್ತೂಲಿನವರು. ಅವರಲ್ಲೊಬ್ಬಳಿಗೆ ಹಗಲೆಲ್ಲ ವಜ್ರ ವಿಂಗಡಿಸುವ ಕೆಲಸ. ಅವಳ ಕಣ್ಣು ಗುರಿಯ ಮೇಲೆ ಕೂತ ರೀತಿ ನೋಡಿಯೇ ಮೊದಲ ಸ್ಥಾನ ಯಾರದೆಂದು ನಮಗೆ ತಿಳಿದುಹೋಯಿತು. ಉಳಿದದ್ದು ಎರಡನೆಯದು. ಒಬ್ಬೊಬ್ಬರಿಗೆ ಎರಡು ಸುತ್ತು, ಸುತ್ತಿಗೆ ಐದು ನಿಮಿಷ, ಐದು ಗುಂಡು; ನನ್ನ ಹಂಚಿನ ಆರನೆಯ ಕುಳಿ ಖಾಲಿ. ಮೊದಲ ಸುತ್ತು ಹೇಗೆ ಮುಗಿಯಿತೋ ಗೊತ್ತಿಲ್ಲ. ಎರಡನೆಯ ಸುತ್ತಿನಲ್ಲಿ ಏನೋ ಒಂದು ಹುರುಪು ಮೈಗೇರಿತು. ಹ್ಯಾಮರ್ ಎಳೆ, ಉಸಿರು ಬಿಡು, ಒತ್ತು. ಗುರಿಹಲಗೆಯ ಆ ಕಪ್ಪು ಚುಕ್ಕಿ ನನ್ನ ರಂಗೋಲಿಯದೇ ಅನ್ನಿಸಿತು. ಎಡಬಲದಲ್ಲಿ ಢಂ ಢಂ ಎನ್ನುತ್ತಿದ್ದ ಎಲ್ಲ ಸದ್ದೂ ನನ್ನದೇ ಅನ್ನಿಸುವಷ್ಟು ಆವೇಶ. ಐದೂ ಆಯಿತೆಂದು ಕೈ ಇಳಿಸಿ, ನಳಿಗೆಯನ್ನು ಗುರಿಯ ಕಡೆಗೇ ಇಟ್ಟು, ಅಭ್ಯಾಸಬಲದಿಂದ ಉರುಳೆ ಹೊರಳಿಸಿ ನೋಡಿದೆ.

ನಾಲ್ಕು ಬೆನ್ನುಗಳ ಮೇಲೆ ಗುಳಿ. ಒಂದು ನುಣ್ಣಗಿತ್ತು.

ಕುಕ್ಕರಿನ ಸೀಟಿಯನ್ನು ಪಕ್ಕದ ಮನೆಯದೂ ಸೇರಿಸಿ ಎಣಿಸಬಲ್ಲ ನಾನು ಐದರವರೆಗೆ ತಪ್ಪಿದ್ದೆ. ಪಕ್ಕದವಳ ಒಂದು ಸದ್ದನ್ನು ನನ್ನ ಲೆಕ್ಕಕ್ಕೆ ಸೇರಿಸಿಕೊಂಡಿದ್ದೆ. ಹೊತ್ತು ಎಷ್ಟು ಉಳಿದಿದೆಯೋ ತಿಳಿಯದು, ಕೇಳುವಂತಿಲ್ಲ. ಹಸಿಯಾಗಿ ಉಳಿದ ಆ ಒಂದು ಪಡ್ಡು ಸರಿಯಾದ ಜಾಗಕ್ಕೆ ಬರುವಂತೆ ಉರುಳೆ ತಿರುಗಿಸಿ ಮುಚ್ಚಿದೆ. ಹ್ಯಾಮರ್ ಎಳೆದೆ, ಉಸಿರು ಬಿಟ್ಟೆ, ಒತ್ತಿದೆ. ಅದರ ಸದ್ದಿನ ಹಿಂದೆಯೇ ಹೊತ್ತು ಮುಗಿದ ಸೀಟಿ ಕೇಳಿಸಿತು.

ಆ ಗುಂಡಿಗೆ ಎಂಟು ಅಂಕ. ವಡೋದರಾದವರಿಗಿಂತ ನಾವು ಮೂರಂಕ ಮುಂದೆ, ಎರಡನೆಯವರು. ಹೇತಲ್‌ಬೆನ್ ಮರದ ಕೆಳಗೆ ಡಬ್ಬಿ ತೆರೆದು, ಇವತ್ತಿನದು ಆಟಗಾರರ ಥೇಪ್ಲಾ ಎಂದು ಮೊದಲ ತುಂಡನ್ನು ನನ್ನ ಬಾಯಿಗೇ ಇಟ್ಟರು. ಮೀನಲ್ ಉಪ್ಪಿನಕಾಯಿ ಹುಡುಕುವ ನೆವದಲ್ಲಿ ಕಣ್ಣೊರೆಸಿಕೊಂಡಳು.

ಮನೆಗೆ ಬಂದು ಹೇಳಿದರೆ ನಮ್ಮವರು ಪೂರ್ತಿ ಕೇಳಿ, ಸಂತೋಷಪಟ್ಟು, ಆಮೇಲೆ ಅಂದರು: "ಪಿಸ್ತೂಲ್ ಇದ್ದಿದ್ರ ಹಿಂಗ ಆಗ್ತಿದ್ದಿಲ್ಲ ಬಿಡು. ಕಡೀ ಗುಂಡು ಹೋದ ಕೂಡ್ಲೆ ಸ್ಲೈಡ್ ತಾನ ಹಿಂದ ಸರದು ನಿಂತುಬಿಡ್ತದ. ಎಣಸೂ ತ್ರಾಸ ಇಲ್ಲ."

ಅವರು ಹೇಳಿದ್ದು ಸರಿ. ಪಿಸ್ತೂಲಾಗಿದ್ದರೆ ಮುಗಿದಿಲ್ಲವೆಂದು ಅದೇ ಹೇಳಿರುತ್ತಿತ್ತು. ಸೂರತ್ತಿನವರು ಗೆದ್ದದ್ದೂ ಪಿಸ್ತೂಲಿನಿಂದಲೇ. ನಾನು ವಾದಿಸಲಿಲ್ಲ, ಸಾಹೇಬರ ಆ ಒಂದು ಮಾತನ್ನು ಮಾತ್ರ ಕನ್ನಡದಲ್ಲಿ ಹೇಳಿದೆ. ಅವರು ಹೂಂ ಎಂದು ಪೇಪರ್ ಎತ್ತಿಕೊಂಡರು.

ಮರುದಿನ ಬೆಳಿಗ್ಗೆ ಇಬ್ಬರೂ ಹೊರಗೆ ಹೊರಟೆವು. ಹೊರಡುವ ಮುನ್ನ ಚಹಾ ಮಾಡಿದ್ದು ಅವರು, ಒಲೆ ಆರಿಸಿದ್ದೂ ಅವರೇ. ಅದೂ ತಾನಾಗಿಯೇ ಹೊತ್ತಿಕೊಳ್ಳುವ ಹೊಸ ಒಲೆ. ಬೀಗ ಹಾಕಿದೆವು, ಲಿಫ್ಟ್ ಬಂತು, ಒಳಗೆ ಕಾಲಿಟ್ಟೆವು. ಅವರು ನನ್ನ ಮುಖ ನೋಡದೆ, ಜೇಬಿನಿಂದ ಬೀಗದ ಕೈ ತೆಗೆದು, ಏನೋ ಮರೆತವರ ಹಾಗೆ ಹೊರಗಿಳಿದು ಮನೆಯ ಕಡೆ ನಡೆದರು. ಅವರು ನೋಡಿ ಬರುವವರೆಗೆ ಲಿಫ್ಟಿನ ಬಾಗಿಲಿಗೆ ಕೈ ಅಡ್ಡ ಹಿಡಿದು ನಿಂತುಕೊಂಡೆ.