ಅತ್ತೆ ತೆರೆದ ಮತಪೆಟ್ಟಿಗೆ

ಧಾರವಾಡದಿಂದ ಬಂದಿದ್ದ ಅತ್ತೆಯನ್ನು, ಅಂದರೆ ನನ್ನ ಗಂಡನ ತಾಯಿಯನ್ನು, ಮೆಲ್ಬರ್ನ್‌ನಲ್ಲಿ ಮತದಾನದ ಹಕ್ಕಿನ ಹೋರಾಟದ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆ. ಅವರು ಶಾಲೆಯಲ್ಲಿ ಟೀಚರ್ ಆಗಿದ್ದವರು. ನಮ್ಮಲ್ಲಿ ಟೀಚರ್‌ಗಳಿಗೆ ಎಲೆಕ್ಷನ್ ಡ್ಯೂಟಿ ತಪ್ಪುವುದಿಲ್ಲ, ಅದಕ್ಕೇ ಇದನ್ನು ಹೇಳಿದೆ.

ಹಗ್ಗದ ಆಚೆ ಒಂದು ಹಳೆಯ ಮತಪೆಟ್ಟಿಗೆ ಇತ್ತು. ನಾನು ಗೋಡೆಯ ಫೋಟೊಗಳನ್ನು ನೋಡುತ್ತಿದ್ದಾಗ ಅತ್ತೆ ಹಗ್ಗ ದಾಟಿ ಹೋಗಿ ಅದರ ಮುಚ್ಚಳವನ್ನೇ ಎತ್ತಿಬಿಟ್ಟರು. ಅಲಾರಂ ಕೂಗಿಕೊಂಡಿತು.

ವಯಸ್ಸಾದ ಗಾರ್ಡ್ ಒಬ್ಬರು ಓಡಿ ಬಂದರು. ಅವರು ಇಲ್ಲಿಯ ಮೂಲನಿವಾಸಿ. ಇಲ್ಲೇ ಕಾಯಂ ಆಗಿ ನೆಲೆಸಲು ಹಾಕಿದ್ದ ನಮ್ಮ ಪಿಆರ್ ಅರ್ಜಿ ಇನ್ನೂ ಬಾಕಿ ಇತ್ತು. ಪೊಲೀಸ್ ಕೇಸ್ ಆದರೆ ಗತಿಯೇನು?

“ಅತ್ತೀ, ಲಗೂನ ಸಾರಿ ಅನ್ರಿ!”

“ಯಾಕವಾ? ವೋಟಿಂಗ್ ಶುರು ಆಗೂಕಿಂತ ಮೊದಲ ಪೆಟ್ಟಿಗಿ ಖಾಲಿ ಅದ ಅಂತ ಎಲ್ಲಾರಿಗೂ ತೋರಸಬೇಕು.” ಅದನ್ನೇ ಗಾರ್ಡ್‌ಗೆ ಇಂಗ್ಲಿಷಿನಲ್ಲೂ ಹೇಳಿದರು.

ಗಾರ್ಡ್ ಮುಚ್ಚಳ ಹಾಕಿ, ಅಲಾರಂ ನಿಲ್ಲಿಸಿದರು. ಪೊಲೀಸರನ್ನು ಕರೆಯಲಿಲ್ಲ.

“ಮೂಲನಿವಾಸಿ ಅಂತ ನಮ್ಮಜ್ಜಿಗೆ ಬಹಳ ಕಾಲ ವೋಟೇ ಇರಲಿಲ್ಲ,” ಎಂದರು. “ನಾನು ಒಂದು ಸಲವೂ ತಪ್ಪಿಸಿಲ್ಲ. ನೀವು?”

ಪ್ರಶ್ನೆ ನನಗೆ. ಇಲ್ಲಿ ಸಿಟಿಜನ್ ಆಗುವವರೆಗೆ ವೋಟಿಲ್ಲ, ಪಿಆರ್ ಬಂದರೂ ಇಲ್ಲ. ಊರಿನಲ್ಲಿ ಇದೆ, ಆದರೆ ಅಲ್ಲಿಗೇ ಹೋಗಿ ಹಾಕಬೇಕು, ರಜೆ ಸಿಗುವುದಿಲ್ಲ ಎಂದೆಲ್ಲ ವಿವರಿಸಿದೆ.

“ಅಂದ್ರ ಎಲ್ಲೂ ಇಲ್ಲ ಅನ್ನು,” ಎಂದರು ಅತ್ತೆ.

ಆಮೇಲೆ ಇಬ್ಬರೂ ಪೆಟ್ಟಿಗೆಯನ್ನು ಬಿಟ್ಟು, ಆ ಮ್ಯೂಸಿಯಂನಲ್ಲಿ ನೋಡಬೇಕಾದದ್ದು ನಾನೇ ಏನೋ ಎಂಬಂತೆ ನನ್ನನ್ನು ನೋಡುತ್ತ ನಿಂತರು.