ಮೋಟಾರಿನ ಮಂಡಿಯ ಭಾರ

ತೊಂಬತ್ತರ ದಶಕದಲ್ಲಿ ಸಿದ್ದಾಪುರದ ರಸ್ತೆಯಲ್ಲಿ ಬಸ್ಸು ಮಗುಚಿ, ನನ್ನ ಬಲಗಾಲನ್ನು ಮಂಡಿಯ ಮೇಲಿನಿಂದಲೇ ತೆಗೆಯಬೇಕಾಯಿತು. ಆಮೇಲೆ ಕೃತಕ ಕಾಲು ಕಟ್ಟಿಕೊಂಡೇ ಎಕ್ಕಂಬಿಯ ಶಾಲೆಯಲ್ಲಿ ಪಾಠ ಮಾಡಿದೆ. ಸಮತಟ್ಟು ನೆಲದಲ್ಲಿ ತೊಂದರೆಯಿರಲಿಲ್ಲ. ಮೆಟ್ಟಿಲೆಂದರೆ ಮಾತ್ರ ಎದೆ ಹೊಡೆದುಕೊಳ್ಳುತ್ತಿತ್ತು. ಎಡಗಾಲನ್ನು ಮೇಲಿಟ್ಟು, ಬಲಗಾಲನ್ನು ಹಿಂದಿನಿಂದ ಎಳೆದುಕೊಳ್ಳಬೇಕು.

ಬಹಳ ವರ್ಷಗಳ ಮೇಲೆ, ಮೋಟಾರಿನಿಂದ ತಾನೇ ಮಡಚಿ ತಾನೇ ನೆಟ್ಟಗಾಗುವ ಮಂಡಿ ಬಂದಿದೆ, ಶಿರಸಿಯಲ್ಲಿ ತೊಡಿಸಿ ನೋಡುತ್ತಾರೆ ಎಂಬ ಸುದ್ದಿ ಸಿಕ್ಕಿತು. ಅಕ್ಕನೇ ನನ್ನನ್ನು ಹೊರಡಿಸಿದಳು.

ಹುಬ್ಬಳ್ಳಿ ಕಡೆಯಿಂದ ಬಂದಿದ್ದ ಕಾಲು ಜೋಡಿಸುವವರು ನನ್ನ ಹಳೆಯ ಮಂಡಿಯನ್ನು ಬಿಚ್ಚಿ, ಹೊಸದರ ಪಕ್ಕದಲ್ಲಿಟ್ಟರು. "ಎತ್ತಿ ನೋಡ್ರಿ ಮೇಡಂ."

ಹಳೆಯದು ಒಂದೇ ಕೈಗೆ ಬಂತು. ಹೊಸದನ್ನೆತ್ತಿದರೆ ಅರೆಯುವ ಕಲ್ಲಿನ ಗುಂಡು ಎತ್ತಿದಂತಾಯಿತು.

"ಬ್ಯಾಟರಿ ಐತಲ್ರಿ. ಆದ್ರೂ ಹುಟ್ಟಾ ಬಂದ ಕಾಲು ಇದಕ್ಕಿಂತ ಭಾರ ಇರತೈತಿ."

"ಅದು ಎಲುಬಿಗೆ ಅಂಟಿಕೊಂಡಿತ್ತು. ಇದು ತೊಡೆಯ ಚರ್ಮಕ್ಕೆ ಜೋತು ಬೀಳ್ತದಲ್ಲ?"

ಅವರು ಹೊಸದನ್ನು ಕೈಗೆತ್ತಿಕೊಂಡು, "ಅದಕ್ಕಽ ಹಾಕಿ ನೋಡೂಣ್ರಿ" ಅಂದರು.

ಹೊಸದನ್ನು ತೊಡಿಸಿ ಕೋಣೆಯೊಳಗೆ ನಡೆಸಿದಾಗ ಕಾಲು ತಾನಾಗಿ ಮುಂದಕ್ಕೆ ಹೋಯಿತು. ಗುಂಯ್ ಎನ್ನುವ ಸದ್ದಿಗೆ ಮೈ ಜುಮ್ಮೆಂದಿತು. ಆಮೇಲೆ ಹೊರಗಿನ ಮೆಟ್ಟಿಲು. ಬಲಗಾಲನ್ನು ಮೊದಲಿಟ್ಟೆ. ಮಂಡಿ ನೆಟ್ಟಗಾಗುತ್ತ ನನ್ನನ್ನೇ ಮೇಲಕ್ಕೆ ತಳ್ಳಿತು! ಎಡಗಾಲು ಅದರ ಮೇಲಿನ ಮೆಟ್ಟಿಲಿಗೆ ಹೋಯಿತು. ಅಕ್ಕ ಕೆಳಗೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು.

ಮತ್ತೆ ಬಲಗಾಲನ್ನೆತ್ತಿದಾಗ, ತೊಡೆ ಕೂತಿದ್ದ ಹಳೆಯ ಸಾಕೆಟ್ಟಿನೊಳಗೆ ಪುಸಕ್ಕೆಂದು ಗಾಳಿ ಹೊಕ್ಕಿತು. ಭಾರಕ್ಕೆ ಇಡೀ ಕಾಲು ಕೆಳಗೆ ಜಾರತೊಡಗಿತು. ಪಾದ ಮೆಟ್ಟಿಲ ಅಂಚಿಗೆ ಬಡಿದು ಹಿಂದಕ್ಕೆ ತಿರುಚಿಕೊಂಡಿತು. ಮೋಟಾರು ಮಾತ್ರ ಏನೂ ಆಗಿಲ್ಲವೆಂಬಂತೆ ಮಡಚುತ್ತಲೇ ಇತ್ತು.

"ಹಿಡ್ಕಳೇ! ಕಂಬಿ ಹಿಡ್ಕಳೇ!" ಅಕ್ಕ ಚೀರಿದಳು.

ಎರಡೂ ಕೈಯಲ್ಲಿ ಕಂಬಿಗೆ ಜೋತುಬಿದ್ದೆ. ಬಸ್ಸು ಮಗುಚುವಾಗಲೂ ಹೀಗೇ ಏನನ್ನೋ ಹಿಡಿದುಕೊಂಡಿದ್ದೆ. ಕಾಲು ಜೋಡಿಸುವವರು ಓಡಿ ಬಂದು ಸೊಂಟಕ್ಕೆ ಕೈ ಕೊಟ್ಟು ಕೂರಿಸಿದರು. ಕಾಲು ಕಳಚಿದರೆ ತೊಡೆಯ ತುದಿಯಲ್ಲಿ ಚರ್ಮ ಸುಲಿದು ರಕ್ತ ಜಿನುಗುತ್ತಿತ್ತು.

"ಸಾಕೆಟ್ ಹೊಸಾದು ಬಿಗಿಯಾಗಿ ಮಾಡಿದ್ರ ಹಿಂಗ ಜಾರೂದಿಲ್ರಿ" ಅಂದರು. ಅವರ ಮುಖವೂ ಬೆವರಿತ್ತು.

"ಮಾಡಿಕೊಡಿ. ಆದರೆ ಹಳೇ ಮಂಡಿಗೆ."

ಅಕ್ಕನಿಗೆ ಸಿಟ್ಟು ಬಂತು. "ಎಂತದೇ ಇದು? ಮೆಟ್ಲು ಹತ್ತಿದ್ಯಲೇ ಈಗ!"

"ಹತ್ತಿದ್ದು ಅದು ಅಕ್ಕಾ, ಹೊತ್ತಿದ್ದು ಆನು."

ಗಾಯ ಒಣಗಿದ ಮೇಲೆ ಹೊಸ ಸಾಕೆಟ್ ಬಂತು. ತೊಡಿಸಿ ನೋಡಿ, ನಾವು ಹೊರಡುವಾಗ ಅವರು, "ಮುಂದ ಮೋಟರ್ ಹಗೂರಾದ್ರ ಹೇಳಿ ಕಳಸ್ಲೇನ್ರಿ?" ಎಂದು ಕೇಳಿದರು. ಅಕ್ಕ ನನ್ನ ಮುಖ ನೋಡಿದಳು. ಆ ಒಂದು ಮೆಟ್ಟಿಲನ್ನು ನಾನಿನ್ನೂ ಮರೆತಿರಲಿಲ್ಲ. ಹೇಳಿ ಕಳಿಸಿ ಅಂದೆ.