ಪಾಲಾರಿನ ಕಲ್ಲು, ದೊಡ್ಡಮಾವನ ಎಂಜಲು

ನಾನು ಮದುವೆಯಾಗಿ ಬಂದ ಮನೆಯ ಜಗಲಿಯ ಪಕ್ಕದಲ್ಲಿ ಒಂದು ಸಾಣೆಕಲ್ಲು ಇತ್ತು. ಕುಡುಗೋಲು, ಮಚ್ಚು, ಈಳಿಗೆಮಣೆ, ರೇಷ್ಮೆಹುಳಕ್ಕೆ ಸೊಪ್ಪು ಹೆಚ್ಚುವ ಕತ್ತಿ, ಎಲ್ಲಕ್ಕೂ ಅದೊಂದೇ ಕಲ್ಲು. ಅದನ್ನು ದೊಡ್ಡಮಾವ ಹರೆಯದಲ್ಲಿ ಪಾಲಾರಿನ ಹೊಳೆಯಿಂದ ಗಾಡಿಯಲ್ಲಿ ಹೇರಿಕೊಂಡು ತಂದಿದ್ದರಂತೆ. ದೊಡ್ಡಮಾವ ಎಂದರೆ ನನ್ನ ಮಾವನವರ ಅಣ್ಣ. ಮಾವ ತೀರಿಹೋಗಿದ್ದರಿಂದ ಮನೆಗೆ ಅವರೇ ಯಜಮಾನರು. ಮದುವೆಯಾಗದವರು. ಆ ಕಲ್ಲಿನ ಮೇಲೆ ಅವರಿಗೆ ಇದ್ದ ಮಮತೆಯನ್ನು ನೋಡಿದರೆ ಮದುವೆಯ ಅಗತ್ಯ ಬಿದ್ದಿರಲಿಲ್ಲ ಅನ್ನಿಸುತ್ತದೆ.

ಎಷ್ಟೋ ವರ್ಷ ಒಂದೇ ಜಾಗದಲ್ಲಿ ಉಜ್ಜಿ ಉಜ್ಜಿ ಕಲ್ಲಿನ ನಡುವೆ ಅಂಗೈಯಷ್ಟು ಹಳ್ಳ ಬಿದ್ದಿತ್ತು. ಆ ಹಳ್ಳದಲ್ಲಿ ಸದಾ ಏನೋ ನಿಂತಿರುತ್ತಿತ್ತು. ಹೊಸತರಲ್ಲಿ ನೀರು ಅಂದುಕೊಂಡಿದ್ದೆ. ನೀರಿಗೆ ಆ ಬಣ್ಣ ಇರುವುದಿಲ್ಲ, ನೀರಿನ ಮೇಲೆ ಅಷ್ಟು ನೊಣ ಕೂರುವುದಿಲ್ಲ ಎಂದು ಹೊಳೆಯಲು ನನ್ನಂಥ ಓದಿದವಳಿಗೂ ಸ್ವಲ್ಪ ಕಾಲ ಹಿಡಿಯಿತು.

ಒಂದು ಬೆಳಿಗ್ಗೆ ಕಣ್ಣಾರೆ ಕಂಡೆ. ದೊಡ್ಡಮಾವ ಕುಕ್ಕರಗಾಲಲ್ಲಿ ಕೂತು, ಬಾಯಲ್ಲಿದ್ದ ಎಲೆಯಡಿಕೆ ಹೊಗೆಸೊಪ್ಪನ್ನು ಒಂದು ದವಡೆಗೆ ತಳ್ಳಿ, ಗಂಟಲಿನ ಆಳದಿಂದ ಏನನ್ನೋ ಕರೆದು ತಂದು, ಕಲ್ಲಿನ ಹಳ್ಳಕ್ಕೆ ತುಪ್ಪನೆ ಉಗಿದರು. ಅದರಲ್ಲೇ ಕತ್ತಿಯನ್ನು ಹಿಂದೆ ಮುಂದೆ ಎಳೆದರು. ಕಂದು ನೊರೆ ಎದ್ದಿತು. ಸಾಲದೆಂದು ಇನ್ನೊಮ್ಮೆ ಉಗಿದರು. ನಾನು ಬಾಗಿಲ ಮರೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದೆ. ಅವರು ಅದನ್ನು ಭಯಭಕ್ತಿ ಎಂದು ತಿಳಿದು ಪಾಠವನ್ನೇ ಹೇಳಿದರು.

“ನೀರ್ ಯಾಕ್ ಆಕಲ್ಲ ಅಂತ ನೋಡ್ತಾ ಇದ್ದಯಾ? ನೀರು ಜಾರ್ಕಂಡು ಓಯ್ತದೆ ಕಣವ್ವ. ಎಂಜ್ಲು ಅಂಗಲ್ಲ, ಇಡ್ಕತದೆ. ಇಡ್ಕಂಡ್ರೇ ಸಾಣೆ.”

ಇದಕ್ಕಿಂತ ದೊಡ್ಡ ಕಟ್ಟಳೆ ಇನ್ನೊಂದಿತ್ತು. ಸಾಣೆ ಹಿಡಿದ ಕತ್ತಿಯನ್ನು ತೊಳೆಯಕೂಡದು. ತೊಳೆದರೆ ಅಲಗಿನ ಬಿಸಿ ಇಳಿದುಹೋಗುತ್ತದಂತೆ. ಮೊದಲ ಎಲೆಯ ಮೇಲೆ ಒಂದು ಸಲ ಒರೆಸಿ ಹಾಗೇ ಹೆಚ್ಚಲು ತೊಡಗಬೇಕು. ಯಳಂದೂರಿನ ನನ್ನ ತವರಿನಲ್ಲಿ ರೇಷ್ಮೆಯ ಸಾಕಣೆ ಇರಲಿಲ್ಲ. ಈ ಮನೆಯಲ್ಲಿ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ, ಎರಡು ಬೆರಳಿನಲ್ಲಿ ಕತ್ತಿ ಹಿಡಿದು, ಮುಖ ಆ ಕಡೆ ತಿರುಗಿಸಿ. ಅದೇ ಒರೆಸಿದ ಎಲೆಯನ್ನೂ ಸೇರಿಸಿ ಹೆಚ್ಚುತ್ತಿದ್ದರು. ಸೊಪ್ಪು ಹಾಳು ಮಾಡಬಾರದಲ್ಲ!

ಎಳೆ ಹುಳಕ್ಕೆ ಸೊಪ್ಪನ್ನು ನೂಲಿನ ಹಾಗೆ ಹೆಚ್ಚಬೇಕು. ಕತ್ತಿ ಮೊಂಡಾದರೆ ಎಲೆ ಜಜ್ಜಿ ಕಪ್ಪಾಗುತ್ತದೆ, ಹುಳ ಮೂತಿ ತಿರುಗಿಸುತ್ತದೆ. ಮೊದಲೆಲ್ಲ ಅಪರೂಪಕ್ಕೊಮ್ಮೆ ಸಾಣೆ ಕಾಣುತ್ತಿದ್ದ ಆ ಕತ್ತಿಗೆ ನಾನು ಬಂದ ಮೇಲೆ ದಿನವೂ ಸಾಣೆಯಾಯಿತು. ಎಲ್ಲಿ ಎಲೆ ಕಪ್ಪಾಗುತ್ತದೋ, ಎಲ್ಲಿ ಹುಳ ಉಪವಾಸ ಬೀಳುತ್ತದೋ ಎಂದು ಚಿಂತೆ ಮಾಡಿ ಮಾಡಿ, ಗಂಡನ ಬಾಯಲ್ಲಿ ಹೇಳಿಸಿ ದೊಡ್ಡಮಾವನಿಂದ ಹಿಡಿಸಿದೆ. ಚಿಂತೆ ನನ್ನ ಹುಟ್ಟುಗುಣ. ಈಗ ತಲೆ ನರೆತರೂ ಬಾಗಿಲಿಗೆ ಅಗುಳಿ ಹಾಕಿ, ಹಾಕಿದೆನೋ ಇಲ್ಲವೋ ಎಂದು ಎದ್ದು ಹೋಗಿ ನೋಡುವವಳು.

ಹುಳ ಪೊರೆ ಬಿಡುವ ಮೊದಲು ಮೇವು ಬಿಟ್ಟು ಮಲಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಎರಡನೇ ಜ್ವರದಿಂದ ಎದ್ದ ಹುಳಕ್ಕೆ ಮೊದಲ ಮೇವು ಹಾಕಿದ್ದೆ. ಮಧ್ಯಾಹ್ನದ ಹೊತ್ತಿಗೆ ತಟ್ಟೆ ತುಂಬ ಹುಳಗಳು ತಲೆ ಎತ್ತಿ ಅತ್ತಿತ್ತ ಆಡಿಸತೊಡಗಿದವು. ಬಾಯಿಂದ ಹಸಿರು ನೀರು. ಸಂಜೆಗೆ ಮೈ ಮೆತ್ತಗಾಗಿ, ಮುಟ್ಟಿದರೆ ಒಡೆದು ಬೆರಳಿಗೆ ಅಂಟುತ್ತಿದ್ದವು. ಆ ವಾಸನೆಯನ್ನು ಹೇಗೆ ಹೇಳಲಿ? ಕೊಳೆತ ಸೊಪ್ಪಿನದೂ ಅಲ್ಲ, ಸತ್ತ ಪ್ರಾಣಿಯದೂ ಅಲ್ಲ, ಎರಡೂ ಕೂಡಿ ಸಂಸಾರ ಹೂಡಿದ ಹಾಗೆ. ತಿಪ್ಪೆಯ ಪಕ್ಕ ಗುಂಡಿ ತೋಡಿ ಸುರಿದೆವು. ನನ್ನ ಕೈಯನ್ನು ಸೀಗೆಪುಡಿ ಹಾಕಿ ಎಷ್ಟು ತಿಕ್ಕಿದರೂ ಊಟದ ತಟ್ಟೆಯ ಮುಂದೆ ಅದೇ ವಾಸನೆ.

ಹಿಂದೆಯೂ ಆ ಮನೆಯಲ್ಲಿ ಹುಳದ ಬೆಳೆ ಹೋಗಿದ್ದುಂಟು. ಆಗ ಮಳೆಯನ್ನೋ ಪಕ್ಕದ ಮನೆಯವರ ಕಣ್ಣನ್ನೋ ದೂರಿದ್ದರು. ಈಗ ಕೈಗೆಟುಕುವ ಹಾಗೆ ಹೊಸ ಸೊಸೆ ಇದ್ದಳು.

“ಮುಟ್ಟಾಗಿದ್ದಾಗ ಉಳದ ಮನೆ ಬಾಗ್ಲಲ್ಲಿ ನಿಂತಿದ್ದಯಾ?” ಎಂದು ಅತ್ತೆ ಎಲ್ಲರ ಮುಂದೆಯೇ ಕೇಳಿದರು.

“ಇಲ್ಲ ಅತ್ತೆ.”

“ನಿಂತಿದ್ದೋರು ನಿಂತಿದ್ದೆ ಅಂತಾರಾ? ಉಳ ದೇವ್ರು ಕಣವ್ವ, ಅದ್ಕೆ ಗೊತ್ತಾಯ್ತದೆ. ಮುಂದಿನ್ ಬೆಳೆನೂ ಇಂಗೇ ಆದ್ರೆ, ಮನೇಲಿ ಉಳ ಇರೋಗಂಟ ನೀನು ನಿಮ್ಮವ್ವನ ಮನೇಲೇ ಇದ್ಬುಡು.”

ನಮ್ಮಲ್ಲಿ ವರ್ಷವಿಡೀ ಒಂದರ ಹಿಂದೆ ಒಂದು ಬೆಳೆ. ಮನೆಯಲ್ಲಿ ಹುಳ ಇಲ್ಲದ ಕಾಲವೇ ಇಲ್ಲ. ಅಂದರೆ ಮುಂದಿನ ಬೆಳೆ ಕೆಟ್ಟರೆ ನನ್ನ ಸಂಸಾರ ಮುಗಿದ ಹಾಗೆ. ದೊಡ್ಡಮಾವ ಅಂಗಳಕ್ಕೆ ಉಗಿದರು. ಅದೇ ಅವರ ಸಮ್ಮತಿ.

ಆಮೇಲೆ ನಾನು ಬುದ್ಧಿ ಓಡಿಸಿ ಕಾರಣ ಕಂಡುಹಿಡಿದೆ ಎಂದು ಬರೆದುಕೊಳ್ಳಲು ಆಸೆಯಿದೆ. ಹಾಗೇನೂ ಆಗಲಿಲ್ಲ. ಹುಳದ ಮೊಟ್ಟೆಯ ಹಾಳೆಗಳು ಮತ್ತೆ ಮನೆಗೆ ಬಂದವು, ದೊಡ್ಡಮಾವ ಅದೇ ಕತ್ತಿ ಹಿಡಿದು ಕಲ್ಲಿನ ಮುಂದೆ ಕೂತು ಕ್ಯಾಕರಿಸಿದರು, ನನಗೆ ವಾಂತಿ ಬಂತು. ಹಿತ್ತಿಲಿಗೆ ಓಡಿ ಕಕ್ಕಿ, ತಲೆ ಎತ್ತಿ ಅತ್ತಿತ್ತ ಆಡಿಸುತ್ತ ಗೋಡೆಗೆ ಒರಗಿದಾಗಲೇ ಅನ್ನಿಸಿದ್ದು: ಅಯ್ಯೋ, ಆ ಹುಳಗಳು ಮಾಡಿದ್ದೂ ಇದನ್ನೇ ಅಲ್ಲವೇ? ಒಗೆಯುವ ಕಲ್ಲಿನ ಬಳಿ ಸಿಕ್ಕಿದ ಅತ್ತೆ ಮಾತ್ರ ಇನ್ನೇನೋ ಲೆಕ್ಕ ಹಾಕಿ ನನ್ನ ಹೊಟ್ಟೆಯನ್ನು ನೋಡಿದರು.

ನನ್ನ ಗಂಡನಿಗೆ ಹೇಳಿದೆ. ಅವರು ತುಂಬ ಹೊತ್ತು ಮೀಸೆ ನೇವರಿಸಿದರು.

“ಒಗೆಸೊಪ್ಪಿನ ಎಂಜ್ಲು ಉಳಕ್ಕೆ ಆಗಲ್ಲ ಅಂತೀಯ. ಇರಬೌದು. ಅದ್ನ ದೊಡ್ಡಪ್ಪಂಗೆ ಯೋಳೋರ್ಯಾರು?”

“ನೀವು.”

“ನಾನಾ? ಬುಡೇ ಬುಡು. ಕತ್ತಿ ತೊಳ್ಕಬುಡು ಕದ್ದು.”

“ಅತ್ತೆ ಪಕ್ಕದಲ್ಲೇ ಕೂತಿರ್ತಾರೆ. ತೊಳೆದರೆ ಅದೂ ನನ್ನ ತಲೆಗೇ ಬರುತ್ತೆ. ನನಗೆ ಬೇರೆ ಕಲ್ಲೇ ಬೇಕು.”

ಹನೂರಿನ ಸಂತೆಯಲ್ಲಿ ಕಲ್ಲು ಮಾರುವವನೊಬ್ಬ ಬರುತ್ತಿದ್ದ. ಆದರೆ ಅಲ್ಲಿಗೆ ಹೋದರೆ ಊರಿನವರ ಕಣ್ಣಿಗೆ ಬಿದ್ದು ಸುದ್ದಿ ನಮಗಿಂತ ಮೊದಲೇ ಮನೆ ಸೇರುತ್ತದೆ. ಬಳೆ ಹಾಕಿಸಿಕೊಳ್ಳುವ ನೆಪ ಹೇಳಿ ಇಬ್ಬರೂ ಕೊಳ್ಳೇಗಾಲದ ಬಸ್ಸು ಹತ್ತಿದೆವು. ಕಬ್ಬಿಣದ ಸಾಮಾನಿನ ಅಂಗಡಿಯವನು ನನ್ನನ್ನು ಬಿಟ್ಟು ನನ್ನ ಗಂಡನನ್ನೇ ವಿಚಾರಿಸಿದ. ಥಳಥಳಿಸುವ ಡಬ್ಬಿಯೊಂದನ್ನು ತೆಗೆದ. ಮೇಲೆ ವಜ್ರದ ಚಿತ್ರ.

“ವಜ್ರದ್ ಕಲ್ಲು ಸಾ. ವಜ್ರದ್ ಪುಡಿ ಆಕವ್ರೆ. ತಲತಲಾಂತ್ರಕ್ಕೂ ಸವೆಯಲ್ಲ.”

ಡಬ್ಬಿಯಿಂದ ಹೊರಬಂದದ್ದು ಕಪ್ಪನೆಯ ಇಟ್ಟಿಗೆಯ ತುಂಡು. ವಜ್ರವನ್ನು ನಾನು ಕಂಡವಳಲ್ಲ, ಆದರೆ ಅದರ ಪುಡಿಯನ್ನು ಕುಡುಗೋಲಿಗೆ ಉಜ್ಜುವಷ್ಟು ದೇಶ ಉದ್ಧಾರವಾಗಿಲ್ಲ ಎಂಬುದು ಗೊತ್ತಿತ್ತು. ಎತ್ತಿ ಮೂಸಿದೆ. ಯಂತ್ರದ ಎಣ್ಣೆಯ ಘಾಟು ಮೂಗಿಗೆ ಬಡಿಯಿತು.

“ಇದೇನು ಎಣ್ಣೆ?”

“ಎಣ್ಣೇಲೇ ಸಾಣೆ ಇಡೀಬೇಕು ಕಣಮ್ಮ ಇದ್ನ. ಇಲ್ಲಾಂದ್ರೆ ಸೀಮೆಣ್ಣೆ.”

ಎಂಜಲು ಬಿಟ್ಟು ಸೀಮೆಣ್ಣೆ! ಆ ಡಬ್ಬಿಯನ್ನು ದೂರ ತಳ್ಳಿದೆ. ಇನ್ನೊಂದು ತೆಗೆದ, ಮೂಸಿದೆ. ಮತ್ತೊಂದು ತೆಗೆದ, ಮೂಸಿದೆ. ಅಂಗಡಿಯವನಿಗೆ ತಡೆಯಲಾಗಲಿಲ್ಲ.

“ಅಲ್ಲ ಸಾ, ನಿಮ್ಮನೇರು ಕಲ್ಲು ತಕಳಕ್ ಬಂದವ್ರಾ, ಮಲ್ಲಿಗೆ ಊವ ತಕಳಕ್ ಬಂದವ್ರಾ?”

ನನ್ನ ಗಂಡ ನಾಚಿ ಬೀದಿಯ ಕಡೆ ನೋಡುತ್ತ ನಿಂತರು. ನಾನು ಬಿಡಲಿಲ್ಲ. ಕಡೆಗೆ ಗೋಣಿಯ ಅಡಿಯಿಂದ ಒಂದು ಬೂದು ಕಲ್ಲು ಬಂತು, ಡಬ್ಬಿಯಿಲ್ಲ, ಚಿತ್ರವಿಲ್ಲ. ಒಂದು ಮುಖ ಒರಟು, ಒಂದು ಮುಖ ನಯ. ಅಂಗಡಿಯವನ ಚೊಂಬಿನ ನೀರು ಹನಿಸಿದರೆ ಮೆಲ್ಲಗೆ ಹೀರಿತು. ಅಂಗಡಿಯಲ್ಲಿದ್ದ ಕತ್ತಿಯೊಂದರ ಬೆನ್ನನ್ನು ಅಡ್ಡ ಇಟ್ಟು ನೋಡಿದೆ, ಎಲ್ಲೂ ಹಳ್ಳವಿಲ್ಲ. ಮೂಸಿದರೆ ಬರಿಯ ಮಣ್ಣಿನ ವಾಸನೆ. ಯಾರೂ ಇನ್ನೂ ಉಗಿಯದ ಕಲ್ಲು. ಜನ್ಮದಲ್ಲಿ ಯಾವ ಒಡವೆಯನ್ನೂ ನಾನು ಅಷ್ಟು ಆಸೆಯಿಂದ ತಿರುಗಿಸಿ ನೋಡಿಲ್ಲ.

ಮನೆಗೆ ಬಂದಾಗ ದೊಡ್ಡಮಾವ ಜಗಲಿಯಲ್ಲೇ ಇದ್ದರು. ನಾನು ಹೊಸ ಬಳೆಯಿಲ್ಲದ ಕೈಯಲ್ಲಿ ಬಂದದ್ದನ್ನು ಅತ್ತೆ ಕಂಡರು, ಚೀಲದ ಭಾರವನ್ನು ದೊಡ್ಡಮಾವ ಕಂಡರು.

“ಏನ್ಲಾ ಅದು?”

ನನ್ನ ಗಂಡ ಕಲ್ಲನ್ನು ತೆಗೆದು ಜಗಲಿಯ ಮೇಲಿಟ್ಟುಬಿಟ್ಟರು. ಬಸ್ಸಿನಲ್ಲಿ ನಾನು ಹೇಳಿಕೊಟ್ಟ ಮಾತೆಲ್ಲ ಎಲ್ಲಿ ಇಳಿದುಹೋಯಿತೋ.

ದೊಡ್ಡಮಾವ ಕಲ್ಲನ್ನು ಉಗುರಿನಿಂದ ಕೆರೆದರು, ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು. “ಪೇಟೆ ಕಲ್ಲು. ನೋಡ್ಮಾ ತಡಿ” ಎಂದು ಸೊಂಟದ ಚೂರಿ ತೆಗೆದರು. ಹೊಗೆಸೊಪ್ಪು ದವಡೆಗೆ ಸರಿಯಿತು. ಗಂಟಲು ಕರೆಯಿತು. ಕಲ್ಲಿನ ಮೇಲೆ ಮುಖ ಬಾಗಿತು.

ನಾನು ಯೋಚಿಸಿ ಮಾಡಿದ್ದಲ್ಲ. ಯೋಚಿಸಿದ್ದರೆ ಮೈಲಿಗಟ್ಟಲೆ ಹಿಂದೆ ಸರಿದಿರುತ್ತಿದ್ದೆ. ಮುಂದೆ ಬಾಗಿ ಕಲ್ಲಿಗೆ ಅಂಗೈ ಅಡ್ಡ ಹಿಡಿದೆ. ಬಿತ್ತು. ಬೆಚ್ಚಗಿತ್ತು. ಬೆರಳ ಸಂದಿಗಳಲ್ಲಿ ಇಳಿಯಿತು. ಅಡಿಕೆಯ ಒಂದು ಚೂರು ಉಂಗುರದ ಬೆರಳಿಗೆ ಅಂಟಿಕೊಂಡಿತು. ಇಂದಿಗೂ ಅದನ್ನು ನೆನೆದರೆ ಕೈ ತೊಳೆಯಲು ಏಳುತ್ತೇನೆ.

ನಾನು ಅದುವರೆಗೆ ಅವರ ಎದುರು ಬಾಯಿಬಿಟ್ಟವಳಲ್ಲ.

“ನನ್ ಎಂಜ್ಲು ಅಸಯ್ಯವಾ ನಿಂಗೆ?” ದೊಡ್ಡಮಾವನ ದನಿ ಕುಗ್ಗಿತ್ತು. ಬೈದಿದ್ದರೆ ಸುಲಭವಾಗುತ್ತಿತ್ತು.

“ನಂಗಲ್ಲ ಮಾವ” ಎಂದೆ, ಕೈ ಚಾಚಿಕೊಂಡೇ, ಮೂಗು ಬಿಗಿಹಿಡಿದು. “ಹುಳಕ್ಕೆ. ದೇವ್ರು ಅಂತೀರಲ್ಲ. ದೇವ್ರಿಗೆ ಎಂಜಲು ಇಟ್ಟು ಕೊಡ್ತಾ ಇದ್ದೀವಲ್ಲ.”

ಅರ್ಧ ಸುಳ್ಳು. ನನಗೇ ಹುಳಕ್ಕಿಂತ ಹೆಚ್ಚು ಅಸಹ್ಯ. ಆದರೆ ಆ ಮಾತು ಅತ್ತೆಗೆ ತಟ್ಟಿತು. “ಅದೂ ದಿಟವೇ ಅಲ್ವಾ ಬಾವಾ” ಎಂದು ಅವರು ಗಲ್ಲಕ್ಕೆ ಬಡಿದುಕೊಂಡರು. ದೊಡ್ಡಮಾವ ಎದ್ದು, “ಕೈ ತೊಳಕ ಓಗವ್ವ” ಎಂದು ತಾವೇ ಚೊಂಬಿನಿಂದ ನನ್ನ ಕೈಗೆ ನೀರು ಹಾಕಿದರು. ಆಮೇಲೆ ಅವರು ಆ ಕಲ್ಲನ್ನು ಮುಟ್ಟಲಿಲ್ಲ. ತಮ್ಮ ಪಾಲಾರಿನ ಕಲ್ಲಿನ ಮೇಲೆ ಮಾತ್ರ ಮೊದಲಿಗಿಂತ ಜೋರಾಗಿ ಉಗಿದು ಚೂರಿ ಮಸೆದರು, ನನಗೆ ಕೇಳಲಿ ಅಂತಲೇ.

ಆ ಬೆಳೆಗೆ ನಾನೇ ನೀರು ಹಾಕಿ ಸಾಣೆ ಹಿಡಿದೆ. ಕತ್ತಿ ತೊಳೆದೆ, ಒರೆಸಿದೆ, ಮೂಸಿದೆ, ಮತ್ತೆ ತೊಳೆದೆ. ಎರಡನೇ ಜ್ವರದಿಂದ ಎದ್ದ ಹುಳಕ್ಕೆ ಮೇವು ಹಾಕಿ ತಟ್ಟೆಯ ಮುಂದೆಯೇ ಕೂತೆ. ಒಂದೊಂದು ಹುಳ ತಲೆ ಎತ್ತಿದಾಗಲೂ ನನ್ನ ಟ್ರಂಕಿಗೆ ಯಾವ ಸೀರೆ ಮೊದಲು ಹಾಕುವುದು ಎಂದು ಯೋಚಿಸಿದೆ. ಅವು ತಲೆ ತಗ್ಗಿಸಿ ತಿಂದವು. ಸೊಪ್ಪಿನ ಮೇಲೆ ಸಣ್ಣ ಮಳೆ ಬಿದ್ದಂಥ ಸದ್ದು ಕೋಣೆ ತುಂಬಿತು. ಹುಳಗಳು ಹಣ್ಣಾಗಿ, ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿ ಹತ್ತಿ ಗೂಡು ಕಟ್ಟಿದವು. ಅತ್ತೆ ಆ ಯಶಸ್ಸನ್ನು ತಾವು ಬಾಗಿಲಿಗೆ ಕಟ್ಟಿದ ನಿಂಬೆಹಣ್ಣಿಗೆ ಕೊಟ್ಟರು.

ತವರಿಗೆ ಕಳಿಸುವ ಮಾತು ಅಲ್ಲಿಗೇ ನಿಂತಿತು. ಎಷ್ಟರ ಮಟ್ಟಿಗೆ ನಿಂತಿತೆಂದರೆ, ಯಳಂದೂರಿನಲ್ಲಿ ತಂಗಿಯ ಮದುವೆ ಗೊತ್ತಾದಾಗ ಅದಕ್ಕೆ ಹೋಗುವುದೂ ಕಷ್ಟವಾಯಿತು; ಮನೆಯಲ್ಲಿ ಹುಳ ಜ್ವರದಿಂದ ಏಳುವ ಹೊತ್ತು.

“ನೀನು ಓದ್ರೆ ಕತ್ತಿ ಯಾರ್ ಮಸೆಯೋರು, ಸೊಪ್ಪು ಯಾರ್ ಎಚ್ಚೋರು?” ಎಂದರು ಅತ್ತೆ. “ಉಳಕ್ಕೆ ನಿನ್ ಕೈಯೇ ಒಗ್ಗದೆ ಕಣವ್ವ. ಧಾರೆ ಒತ್ಗೆ ಓಗಿ, ಉಂಡ್ಕಂಡು, ಸಾಯಂಕಾಲದ್ ಬಸ್ಗೆ ಬಂದ್ಬುಡು.”

ಹಾಗೇ ಬಂದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸು ಮೂಗು ಮುಚ್ಚಿಕೊಂಡು ಆಚೆ ಸರಿದು ಕೂತಳು. ರೇಷ್ಮೆ ಸೀರೆ ಉಟ್ಟಿದ್ದರೂ ನನ್ನಿಂದ ಹುಳದ ಮನೆಯ ವಾಸನೆ ಬರುತ್ತಿತ್ತು.